ಯಾವಾಗ ಶುರು ಮಾಡ್ತೀರಿ?

ಮೂರು ಸಲ ಬಂದಿದ್ದ ಇನ್ನೆಸ್ ಬುಕನ್,
ಮೂರು ಸಲವೂ ಬಾಗಿಲ ಹಿಡಿ ಮುಟ್ಟಿ ತಿರುಗಿ ಹೋಗಿದ್ದ.
ಕಿಟಕಿಯಿಂದ ನೋಡಿದ್ದೇನೆ:
ಆಲಿಕಲ್ಲು ಬಿದ್ದರೂ ಹೆಜ್ಜೆ ಬದಲಿಸದ ಮನುಷ್ಯ
ಪೀಟರ್‌ಹೆಡ್ ಬಂದರಿನ ಇಳಿಜಾರಲ್ಲಿ ಓಡುತ್ತಿದ್ದ.

ನಾಲ್ಕನೆಯ ಸಲ ಒಳಗೇ ಬಂದ.
ಒಂದು ಕೆನ್ನೆ ಹುದುಗಿದ ಹಿಟ್ಟಿನಂತೆ ಉಬ್ಬಿತ್ತು.
ಉಣ್ಣೆಯ ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತ ಕೂತ,
ಅದರಲ್ಲಿ ಇನ್ನೂ ನೀರಿದೆಯೇನೋ ಎಂಬಂತೆ.
ಎಡಗೈಯ ಎರಡು ಬೆರಳು ವಿಂಚಿನ ಪಾಲಾದಾಗ
ಈತ ಕಮಕ್ ಕಿಮಕ್ ಅನ್ನಲಿಲ್ಲವಂತೆ, ಹೆಂಡತಿ ರೋನಾ ಹೇಳಿದಳು,
ಹೆಮ್ಮೆಯೋ ದೂರೋ ತಿಳಿಯಲಿಲ್ಲ.

‘ಅಷ್ಟೆಲ್ಲ ಹಲ್ಲು ಕಚ್ಚಿ ಸಹಿಸಿದವರು ನೀವು’ ಅಂದೆ.
‘ಈಗ ನೋಯೋದೇ ಹಲ್ಲು.
ಏನು ಕಚ್ಚಲಿ?’ ಅಂದ.

ಹದಿನೇಳು ವರ್ಷದಿಂದ ಈ ಕುರ್ಚಿಯ ಪಕ್ಕದಲ್ಲಿ ನಿಂತ ನರ್ಸ್ ನಾನು.
ಉತ್ತರ ಹೊಳೆಯಲಿಲ್ಲ. ಕಾಗದ ಓದಿದೆ:
ನಾಳೆಯವರೆಗೆ ಕಾರು ಬೇಡ, ದೋಣಿ ಬೇಡ,
ಒಲೆ ಹಚ್ಚುವುದು ಬೇಡ, ಯಾವ ಪತ್ರಕ್ಕೂ ಸಹಿ ಬೇಡ.
‘ನಿದ್ದೆ ಬರಿಸ್ತೀರಾ?’
ನಿದ್ದೆಯಲ್ಲ. ಬಾಯಿ ತೆರೆಯಿರಿ ಅಂದರೆ ತೆರೆಯುತ್ತೀರಿ.
ಭಯ ಮಾತ್ರ ರೋನಾ ಜೊತೆ ಹೊರಗೆ ಕೂತು
ಹಳೆಯ ಪತ್ರಿಕೆ ತಿರುವುತ್ತಿರುತ್ತದೆ.
ಆತ ನಗಲಿಲ್ಲ.

ಬಲಗೈಯ ಹಿಂಬದಿಯಲ್ಲಿ ನರ ಸಿಕ್ಕಿತು, ಹಗ್ಗದಂಥ ನರ.
ತೋರುಬೆರಳಿಗೆ ಕ್ಲಿಪ್ಪು. ತೊಂಬತ್ತೇಳು.
ಡಾಕ್ಟರ್ ಮೋರ್ವೆನ್ ಅವಸರದವಳಲ್ಲ:
ಒಂದು ಮಿಲಿಗ್ರಾಂ. ಗಡಿಯಾರ ನೋಡುವುದು.
ಇನ್ನರ್ಧ.
ಮತ್ತೆ ಗಡಿಯಾರ.
ಕಿಟಕಿಯಾಚೆ ಕಡಲಹಕ್ಕಿಗಳ ಜಗಳ.
ಇನ್ನರ್ಧ.
ಟೋಪಿ ಕೈಜಾರಿ ನೆಲಕ್ಕೆ ಬಿತ್ತು.
ಸಾಕು, ಅಂದಳು ಡಾಕ್ಟರ್.

ಮರಗಟ್ಟಿಸುವ ಸೂಜಿ ಇಳಿಯುವ ಮುಂಚೆ
ಆತ ನನ್ನ ಕಡೆ ತಿರುಗಿ ಸ್ಪಷ್ಟವಾಗಿ ಹೇಳಿದ:
‘ಎಫೀ, ಏನೂ ನೋಯಲ್ಲ. ಹೋಗು.’

ಆಮೇಲೆ ತುಂಡು ತುಂಡಾಗಿ ಬಂತು.
ಶಾಲೆಯ ಅಂಗಳಕ್ಕೆ ಬಂದು ನಿಂತ ಹಲ್ಲಿನ ವ್ಯಾನು.
ಮೂಗಿನ ಮೇಲೊತ್ತಿದ ಕಪ್ಪು ರಬ್ಬರು, ಅದರ ವಾಸನೆ.
ಎಂಟು ವರ್ಷದವನು ಮೊದಲು ಹೋಗಿ ಬಂದ,
ರಕ್ತದ ಕರವಸ್ತ್ರ ಜೇಬಲ್ಲಿ ಬಚ್ಚಿಟ್ಟ.
ಮೆಟ್ಟಿಲ ಮೇಲೆ ತಂಗಿ ಕೇಳಿದಳು, ನೋವಾಯ್ತಾ?
ಇಲ್ಲ, ಅಂದ.
ಹುಡುಗಿ ಕುಣಿಯುತ್ತ ಹತ್ತಿದಳು.

ಹತ್ತಿದ ಮೇಲೆ ಏನಾಯಿತೋ ಹೇಳಲಿಲ್ಲ. ಅಷ್ಟರಲ್ಲಿ ಸೂಜಿ ಮುಗಿದು,
ಅವಳ ಹೆಸರು ಬಾಯೊಳಗೇ ತಡಕಾಡಿತು.
ಮೇಲಿನ ಹಲ್ಲು ಕೆಳದುಟಿಗೆ ತಾಗದೆ ‘ಫ’ ಹುಟ್ಟುವುದಿಲ್ಲ,
ತುಟಿ ಎಲ್ಲಿದೆಯೆಂದೇ ಆತನಿಗೀಗ ಗೊತ್ತಿಲ್ಲ.
ಎ… ಈ.
ಎ… ಈ.
ತೊಂಬತ್ತಾರು. ನಾಡಿ ಎಪ್ಪತ್ತು. ಬರೆದುಕೊಂಡೆ.
ನನ್ನ ಹಾಳೆಯಲ್ಲಿ ಉಸಿರಿಗೊಂದು ಅಂಕಣವಿದೆ, ರಕ್ತದೊತ್ತಡಕ್ಕೊಂದು.
ಆ ಹುಡುಗಿಗೆ ಇಲ್ಲ.
ಮೂರು ಬೆರಳಿನ ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು.
ನನ್ನ ಕೈ ಕೊಟ್ಟೆ. ಹಿಡಿದುಕೊಂಡ.
ಹಲ್ಲು ಬರುವವರೆಗೂ ಬಿಡಲಿಲ್ಲ.

ತಟ್ಟೆಯಲ್ಲಿ ಅದು, ಎರಡು ಬೇರಿನ ಕಂದು ದವಡೆಹಲ್ಲು.
ಇಷ್ಟೇ.
ಆತ ಕಣ್ಣು ಪಿಳುಕಿಸಿ ಕೇಳಿದ, ಕೊಂಚ ಸಿಡುಕಿನಿಂದ:
‘ಯಾವಾಗ ಶುರು ಮಾಡ್ತೀರಿ?’

ಮದ್ದಿನ ಗುಣವೇ ಅದು. ಆ ಗಂಟೆಯನ್ನು
ರೋಗಿಯಿಂದ ಬಿಡಿಸಿಕೊಳ್ಳುತ್ತದೆ. ಎಲ್ಲಿಡುತ್ತದೆ ಎಂದು
ಯಾವ ತರಬೇತಿಯಲ್ಲೂ ಹೇಳಿಕೊಟ್ಟಿಲ್ಲ.
ಎಫೀ ಇದ್ದಾಳೋ ಇಲ್ಲವೋ, ನಾನು ಕೇಳುವ ಹಾಗಿಲ್ಲ.
ಕೇಳಿದರೆ ಆತ ಹೇಳದ್ದನ್ನು ನಾನು ಕದ್ದಂತೆ.

ಹೊರಗೆ ರೋನಾ ಎದ್ದು ನಿಂತಳು. ‘ನೋವಾಯ್ತಾ?’
‘ಇಲ್ಲ’ ಅಂದ, ಹತ್ತಿಯ ನಡುವಿನಿಂದ.
ಕೋಟು ಹಿಡಿದು ನಿಂತಿದ್ದ ನಾನು
ಆತನ ಜೇಬಿನ ಕಡೆ ಯಾಕೆ ನೋಡಿದೆನೋ.

ಟೋಪಿ ಕುರ್ಚಿಯ ಕೆಳಗೇ ಉಳಿದಿತ್ತು, ಹಿಂಡಿದ ಸುರುಳಿ ಬಿಚ್ಚಿರಲಿಲ್ಲ.
ಕೊಡವಿ ಗೂಟಕ್ಕೆ ಹಾಕಿದ್ದೇನೆ.
ಮುಂದಿನ ಶುಕ್ರವಾರ ಬರಲೇಬೇಕು,
ಇನ್ನೊಂದು ಹಲ್ಲಿದೆ.